ಹವಾ ತುಂಬೋರು, ಹವಾ ಇಳಿಸೋರು

(ಬೆಂಗಳೂರಿನ ಒಂದು ಕಾಲೇಜಿನ ಕನ್ನಡ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಜನ ನಗಲಿ ಅಂತ ನಿಲ್ಲಿಸಿದ ಜಾಗಗಳನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಸಂಘದವರು ನನಗೆ ಕೊಟ್ಟ ವಿಷಯ 'ಯುವಜನರ ಆಡುಮಾತು: ಒಂದು ಅವಲೋಕನ'. ಅವಲೋಕನ ಅಂದರೆ ಏನು ಗೊತ್ತಲ್ಲ? ವಿಷಯದ ಒಳಗೆ ಹೋಗಲು ಹೆದರಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬರುವುದು. ನಾನು ಹಾಗೆ ಮಾಡಲ್ಲ. ಕೆಲವು ಪದಗಳನ್ನು ಎತ್ತಿಕೊಂಡು ನನಗೆ ತೋಚಿದ ಅರ್ಥ ಹೇಳುತ್ತೇನೆ. ಒಪ್ಪದಿದ್ದರೆ ಕೊನೆಯಲ್ಲಿ ಜಗಳ ಆಡೋಣ.

ಈ ಚಟ ಕನ್ನಡಕ್ಕೆ ಹಳೆಯದು. 1942ರಲ್ಲಿ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, 'ಕೊರವಂಜಿ' ಅನ್ನುವ ಹಾಸ್ಯ ಪತ್ರಿಕೆ ಶುರು ಮಾಡಿದರು. ಅಲ್ಲಿ ಬರೆಯುತ್ತಿದ್ದ ನಾ. ಕಸ್ತೂರಿ 'ಅನರ್ಥಕೋಶ' ಅಂತ ಒಂದು ತುಂಟ ನಿಘಂಟನ್ನೇ ಮಾಡಿಟ್ಟರು. ಅವರ ಮನೆಮಾತು ಮಲಯಾಳ. ಮೈಸೂರಿನಲ್ಲಿ ಪಾಠ ಮಾಡುತ್ತಿದ್ದದ್ದು ಇತಿಹಾಸ. ಕನ್ನಡದ ಪದಗಳನ್ನು ಅಷ್ಟು ಚೆನ್ನಾಗಿ ಚಿವುಟಿದವರು ಕನ್ನಡದ ಮೇಷ್ಟ್ರೂ ಅಲ್ಲ, ಹುಟ್ಟಾ ಕನ್ನಡದವರೂ ಅಲ್ಲ. ಇಲ್ಲಿ ಕೂತಿರುವ ಕನ್ನಡ ವಿಭಾಗದವರು ಬೇಜಾರು ಮಾಡಿಕೊಳ್ಳಬಾರದು.

ಗಂಭೀರ ನಿಘಂಟುಗಳ ತಾಪತ್ರಯವೇ ಬೇರೆ. ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಹೊರತಂದ ಕೋಶದಲ್ಲಿ ಸುಮಾರು 70,000 ಪದಗಳಿವೆ. ಅಷ್ಟಾದರೂ ಬೀದಿಮಾತನ್ನು ಯಾವ ನಿಘಂಟೂ ಪೂರ್ತಿ ಹಿಡಿಯಲಾರದು. ಒಂದು ಪದ ನಿಘಂಟು ಸೇರುವ ಹೊತ್ತಿಗೆ ಅದನ್ನು ಆಡುತ್ತಿದ್ದ ಹುಡುಗರಿಗೆ ಬಿಪಿ ಶುಗರ್ ಬಂದಿರುತ್ತದೆ. 'ಬೊಂಬಾಟ್' ಅಂತ ಈಗ ಯಾರು ಹೇಳುತ್ತಾರೆ ಹೇಳಿ? ಐವತ್ತು ದಾಟಿದವರು, ಮತ್ತೆ ಹೋಟೆಲಿನ ಬೋರ್ಡುಗಳು.

ಸರಿ, ಮೊದಲ ಪದ ಎತ್ತಿಕೊಳ್ಳುತ್ತೇನೆ. ಹವಾ.

ಹವಾ: ಒಬ್ಬನ ಸುತ್ತ ಇದೆ ಅಂತ ಅವನ ಹುಡುಗರು ಹೇಳುವ, ಬೇರೆ ಯಾರಿಗೂ ಕಾಣದ ವಸ್ತು. 'ಈ ಏರಿಯಾದಲ್ಲಿ ಅಣ್ಣಂದೇ ಹವಾ.' ಹುಟ್ಟುಹಬ್ಬದ ಫ್ಲೆಕ್ಸ್ ಎಷ್ಟು ಅಗಲ ಇದೆಯೋ ಹವಾ ಅಷ್ಟು. ಫ್ಲೆಕ್ಸ್‌ನಲ್ಲಿ ಅಣ್ಣ ಮೊಬೈಲ್ ಕಿವಿಗೆ ಹಿಡಿದು ಎಲ್ಲೋ ದೂರ ನೋಡುತ್ತಿರುತ್ತಾನೆ. ಕೆಳಗೆ ಸ್ಟಾಂಪ್ ಸೈಜಿನಲ್ಲಿ ಶುಭ ಕೋರುವವರ ಮುಖಗಳು. ಕೋರುವವರು ಮೂವತ್ತು ಜನ, ಫ್ಲೆಕ್ಸ್‌ಗೆ ದುಡ್ಡು ಕೊಟ್ಟವನು ಅಣ್ಣ ಒಬ್ಬನೇ.

ಈಗ ಗಮನಿಸಿ. ಹವಾ ತುಂಬೋಕೆ ನಮ್ಮ ಹತ್ತಿರ ಇರುವ ಪದಗಳು ಕಮ್ಮಿ. ಇಳಿಸೋಕೆ ರಾಶಿ ರಾಶಿ ಇವೆ. ಗಾಳಿ ಬಿಡಬೇಡ, ಸ್ಕೋಪ್ ತಗೋಬೇಡ, ಸೀನ್ ಇಲ್ಲ ಬಿಡು, ಟುಸ್ ಆಯ್ತು, ಪಂಕ್ಚರ್. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಪ್ರಚಾರದ ಕನ್ನಡ ಹವಾ ತುಂಬುತ್ತದೆ. ಬೀದಿಯ ಕನ್ನಡ ಇಳಿಸುತ್ತದೆ. ನೀವು 'ಸ್ಲ್ಯಾಂಗ್' ಅನ್ನುವುದರಲ್ಲಿ ಮುಕ್ಕಾಲು ಪಾಲು ಎದುರಿಗಿರುವವನನ್ನು ನಂಬದೆ ಇರುವುದಕ್ಕೆ ಮಾಡಿಕೊಂಡ ವ್ಯವಸ್ಥೆ.

ಸುಳ್ಳಿಗೆ ನಮ್ಮಲ್ಲಿ ಎಷ್ಟು ಪದ ಇವೆ ನೋಡಿ. ಪಂಡಿತರಿಗೆ ಇವೆಲ್ಲ ಒಂದೇ. ಬೀದಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ರೇಟು.

ಬುರುಡೆ: ಲಾಭ ಇಲ್ಲದ ಸುಳ್ಳು. ಮದುವೆಮನೆಯಲ್ಲಿ ಎಲೆ ಮುಂದೆ ಕೂತ ದೊಡ್ಡಪ್ಪ ಹೇಳುವಂಥದ್ದು. 'ರಾಜ್‌ಕುಮಾರ್ ಜೊತೆ ಊಟ ಮಾಡಿದ್ದೀನಿ ಕಣೋ.' ಅದೂ ಒಂದು ಮದುವೆಯೇ ಆಗಿರುತ್ತದೆ. ಅವರು ಮೊದಲ ಪಂಕ್ತಿ, ಇವರು ಆರನೆಯದು. ಇದರಿಂದ ಯಾರಿಗೂ ನಷ್ಟವಿಲ್ಲ. ಬುರುಡೆ ಬಿಡುವವರು ಇಲ್ಲದ ಮನೆಗೆ ಹಬ್ಬಕ್ಕೆ ಹೋದರೆ ಬೇಗ ನಿದ್ದೆ ಬರುತ್ತದೆ.

ಕಾಗೆ ಹಾರಿಸುವುದು: ಈ ಕ್ಷಣದಿಂದ ಪಾರಾಗಲು ಹೇಳುವ ಚಿಕ್ಕ ಸುಳ್ಳು. 'ಬಂದೆ ಮಗಾ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿದ್ದೀನಿ.' ಹಿಂದಿನಿಂದ ಅಮ್ಮನ ದನಿ ಕೇಳುತ್ತದೆ: 'ಬಿಸಿನೀರು ಆಯ್ತು, ಸ್ನಾನಕ್ಕೆ ಹೋಗು.' ಬೆಂಗಳೂರಿನ ಟ್ರಾಫಿಕ್ಕನ್ನು ಎಲ್ಲರೂ ಬೈಯುತ್ತಾರೆ. ಆದರೆ ಕಾಗೆಗಳಿಗೆ ಇಷ್ಟು ಒಳ್ಳೆಯ ಗೂಡು ಬೇರೆ ಯಾವ ಊರಿನಲ್ಲೂ ಇಲ್ಲ. ಟ್ರಾಫಿಕ್ ಅಂದರೆ ಯಾರೂ ಮರುಪ್ರಶ್ನೆ ಕೇಳಲ್ಲ.

ರೀಲು ಬಿಡುವುದು: ಉದ್ದ ಇರುವ ಸುಳ್ಳು. ಕಥೆ, ಉಪಕಥೆ, ಮಧ್ಯೆ ಒಂದು ಫೈಟು. ಸಿನಿಮಾ ಫಿಲ್ಮಿನಲ್ಲಿ ಓಡುತ್ತಿದ್ದ ಕಾಲದಲ್ಲಿ 35 ಎಂಎಂನ ಒಂದು ರೀಲು ಸಾವಿರ ಅಡಿ, ಹೆಚ್ಚು ಕಮ್ಮಿ ಹನ್ನೊಂದು ನಿಮಿಷ. ನಮ್ಮ ಹಾಸ್ಟೆಲಿನಲ್ಲಿ ಒಬ್ಬಳು ಒಂದೇ ಕೂರಿನಲ್ಲಿ ಹದಿನಾರು ರೀಲು ಬಿಡುತ್ತಿದ್ದಳು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬ್ಯಾನ್ ಆಯಿತು, ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಈಗ ನಿಮಿಷದೊಳಗೇ ಕೆಲಸ ಮುಗಿಯುತ್ತದೆ. ಬಾಡಿಗೆ ಕಾರಿಗೆ ಒರಗಿ ನಿಂತು 'ಕಷ್ಟಪಟ್ಟು ಮೇಲೆ ಬಂದೆ' ಅನ್ನುವ ವಿಡಿಯೊವನ್ನು ಅವನೇ ರೀಲ್ ಅನ್ನುತ್ತಾನೆ. ನಾವೂ ಅದನ್ನೇ ಅನ್ನುತ್ತಿದ್ದೆವು. ಅಂತೂ ಬಿಡುವವರೂ ಕೇಳುವವರೂ ಪದದ ಮಟ್ಟಿಗೆ ರಾಜಿಯಾದರು.

ಓಳು: ಇದು ಸ್ವಲ್ಪ ಗಂಭೀರ ಸ್ಥಿತಿ. ಮೇಲಿನವು ಬಂದು ಹೋಗುವ ಜ್ವರ, ಓಳು ಅಂಟಿಕೊಂಡ ಕಾಯಿಲೆ. 'ಅವನು ಓಳು ಬಿಡ್ತಾನೆ' ಅನ್ನುವ ಹಂತ ದಾಟಿ 'ಅವನಾ? ಓಳು!' ಅಂತ ಮನುಷ್ಯನೇ ಪದವಾಗಿಬಿಡುತ್ತಾನೆ. ಅಲ್ಲಿಂದ ಮುಂದೆ ಅವನು ಮಳೆ ಬರ್ತಿದೆ ಅಂದರೂ ನಾವು ಕಿಟಕಿಯಿಂದ ಕೈ ಹೊರಗೆ ಹಾಕಿ ನೋಡುತ್ತೇವೆ.

ಡವ್: ಬಾಯಿ ತೆರೆಯದೆ ಮೈಯಲ್ಲೇ ಹೇಳುವ ಸುಳ್ಳು. ಮ್ಯಾನೇಜರ್ ಬಂದಾಗ ಕೀಬೋರ್ಡ್ ಮೇಲೆ ಜೋರಾಗಿ ಕುಟ್ಟುವುದು. ಲೈಬ್ರರಿಯಲ್ಲಿ ದಪ್ಪ ಪುಸ್ತಕ ತೆರೆದು ಅದರೊಳಗೆ ಮೊಬೈಲ್ ಇಟ್ಟುಕೊಳ್ಳುವುದು. ಕೊನೆಯ ಸಾಲಿನಲ್ಲಿ ಈಗ ಇಬ್ಬರು ತಲೆ ಅಲ್ಲಾಡಿಸುತ್ತಾ ನೋಟ್ಸ್ ಬರೆದುಕೊಳ್ಳುತ್ತಿದ್ದಾರಲ್ಲ, ಅದು.

ಬಕೆಟ್ ಹಿಡಿಯುವುದು: ಬೆಣ್ಣೆ ಹಚ್ಚುವುದರ ಕಳಪೆ ಆವೃತ್ತಿ. ಬೆಣ್ಣೆ ಹಚ್ಚಲು ನಾಜೂಕು ಬೇಕು, ಎಲ್ಲಿ ಎಷ್ಟು ಅಂತ ಗೊತ್ತಿರಬೇಕು. ಬಕೆಟ್ ಹಿಡಿಯಲು ಎರಡು ಕೈ ಇದ್ದರೆ ಸಾಕು.

ಇಷ್ಟು ಸಾಕು. ಈ ಮೋಸಗಳಿಗೆಲ್ಲ ಸಿಕ್ಕಿಬಿದ್ದವನಿಗೂ ಪದಗಳಿವೆ. ಬಕ್ರಾ ಆದ, ಟೋಪಿ ಹಾಕಿಸಿಕೊಂಡ, ನಾಮ ಬಿತ್ತು, ಕೈಗೆ ಚಿಪ್ಪು ಸಿಕ್ತು. ಮೋಸ ಮಾಡಿದವನಿಗಿಂತ ಮೋಸ ಹೋದವನನ್ನೇ ನಾವು ಜಾಸ್ತಿ ಆಡಿಕೊಳ್ಳುತ್ತೇವೆ. ಇದು ನಮ್ಮ ಬೀದಿಮಾತಿನಲ್ಲಿ ನನಗೆ ಇಷ್ಟವಾಗದ ಗುಣ.

ಈಗ ಗಾಂಧಿನಗರಕ್ಕೆ ಹೋಗೋಣ. ಹವಾ ತಯಾರಾಗುವ ಕಾರ್ಖಾನೆ ಅದೇ ಅಲ್ವಾ.

ಹಿಂದೆಲ್ಲ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದರೆ ಸಿನಿಮಾ ಬಂತು ಅಂತ ಲೆಕ್ಕ. ಈಗ ಟೈಟಲ್ ಅನೌನ್ಸ್, ಫಸ್ಟ್ ಲುಕ್, ಮೋಷನ್ ಪೋಸ್ಟರ್, ಗ್ಲಿಂಪ್ಸ್, ಟೀಸರ್, ಲಿರಿಕಲ್ ವಿಡಿಯೊ, ಟ್ರೇಲರ್, ಪ್ರೀ-ರಿಲೀಸ್ ಇವೆಂಟ್. ಟೀಸರ್ ಯಾವಾಗ ಬಿಡುತ್ತೇವೆ ಅಂತ ಹೇಳುವುದಕ್ಕೂ ಒಂದು ವಿಡಿಯೊ. ಮುಹೂರ್ತಕ್ಕೆ ಮುಹೂರ್ತ ಇಡುವುದು ಅಂದರೆ ಇದೇ.

ಈ ಗೋಷ್ಠಿಗಳಲ್ಲಿ ಆಡುವ ಕನ್ನಡಕ್ಕೆ ಬೇರೆಯೇ ಕೋಶ ಬೇಕು. 'ನಮ್ಮ ಸಿನಿಮಾ ಡಿಫರೆಂಟ್ ಆಗಿದೆ' ಅಂದರೆ ಕಥೆ ಹೇಳೋಕೆ ಬರ್ತಿಲ್ಲ. 'ಕಂಟೆಂಟ್ ಸಿನಿಮಾ' ಅಂದರೆ ದುಡ್ಡಿರಲಿಲ್ಲ. 'ಮಾಸ್' ಅಂದರೆ ಕಂಟೆಂಟ್ ಇಲ್ಲ, ದುಡ್ಡಿತ್ತು. 'ನನ್ನ ಪಾತ್ರಕ್ಕೆ ತುಂಬಾ ಸ್ಕೋಪ್ ಇದೆ' ಅಂತ ನಾಯಕಿ ಹೇಳಿದರೆ ಎರಡು ಹಾಡು, ಒಂದು ಅಳು. 'ನಿರ್ದೇಶಕರು ಏನು ಹೇಳಿದರೋ ಅದನ್ನು ಮಾಡಿದ್ದೀನಿ' ಅಂದರೆ ಸಿನಿಮಾ ಮಲಗಿದರೆ ನನ್ನನ್ನು ಕೇಳಬೇಡಿ. 'ಸಕ್ಸಸ್ ಮೀಟ್' ಅಂದರೆ ಶುಕ್ರವಾರ ಬಿಡುಗಡೆಯಾದ ಚಿತ್ರ ಮುಂದಿನ ಗುರುವಾರದ ತನಕ ಇರುತ್ತೋ ಇಲ್ಲವೋ ಅನ್ನುವ ಅನುಮಾನದಿಂದ ಸೋಮವಾರವೇ ಕತ್ತರಿಸುವ ಕೇಕು.

ಪ್ಯಾನ್ ಇಂಡಿಯಾ: ಎಲ್ಲ ಭಾಷೆಯವರಿಗೂ ಅರ್ಥವಾಗಲಿ ಅಂತ ಮಾತು ಕಮ್ಮಿ ಮಾಡಿ ಧೂಳು ಜಾಸ್ತಿ ಮಾಡಿದ ಸಿನಿಮಾ. 2018ರ ಡಿಸೆಂಬರಿನಲ್ಲಿ 'ಕೆಜಿಎಫ್' ಐದು ಭಾಷೆಗಳಲ್ಲಿ ಬಂದು ಗೆದ್ದಿತು. ಆಮೇಲೆ ನಮ್ಮ ಎಷ್ಟೋ ನಾಯಕರು ಗಡ್ಡ ಬಿಟ್ಟರು. ತಮಾಷೆ ಅಂದರೆ, 2022ರ ಸೆಪ್ಟೆಂಬರ್ ಕೊನೆಯಲ್ಲಿ 'ಕಾಂತಾರ' ಬಂದಾಗ ಅದು ಕನ್ನಡದಲ್ಲಿ ಮಾತ್ರ ಇತ್ತು. ಅದೂ ಕುಂದಾಪುರದ ಕನ್ನಡ. ಬೆಂಗಳೂರಿನವರಿಗೇ ಅಲ್ಲಲ್ಲಿ ಕಿವಿ ನಿಮಿರಿಸಬೇಕಾಗಿತ್ತು. ಜನ ಮೆಚ್ಚಿದ ಮೇಲೆ ಹಿಂದಿ ಮತ್ತಿತರ ಭಾಷೆಗಳಿಗೆ ಡಬ್ ಆಯಿತು. ಪ್ಲಾನ್ ಮಾಡದೆ ಹೋದದ್ದು ದೇಶವೆಲ್ಲ ಸುತ್ತಿತು. ಪ್ಲಾನ್ ಮಾಡಿ ಹೊರಟವು ಎಷ್ಟೋ ತುಮಕೂರು ದಾಟಲಿಲ್ಲ.

ಗೆಲುವಿನ ಅಳತೆಯೂ ಬದಲಾಯಿತು. ಹಿಂದೆ ನೂರು ದಿನ ಅನ್ನುತ್ತಿದ್ದರು, ಈಗ ನೂರು ಕೋಟಿ. ನೂರು ದಿನವನ್ನು ಕೆ.ಜಿ. ರೋಡಿಗೆ ಹೋಗಿ ಕಣ್ಣಾರೆ ನೋಡಬಹುದಿತ್ತು. ಅದೇ ಥಿಯೇಟರು, ಅದೇ ಕಟೌಟು, ಮಳೆಗೆ ಬಣ್ಣ ಮಾಸಿರುತ್ತಿತ್ತು. ಕೋಟಿಯನ್ನು ಎಲ್ಲಿಗೆ ಹೋಗಿ ನೋಡುವುದು? ಪೋಸ್ಟರಿನಲ್ಲಿ ಬರೆದದ್ದೇ ಲೆಕ್ಕ. ಹಾಗಂತ ಹಳೆಯ ಕಾಲ ಸತ್ಯಯುಗ ಏನಲ್ಲ. ಆಗಲೂ ಬಾಡಿಗೆ ಕಟ್ಟಿ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಿದವರಿದ್ದರು. ಆದರೆ ಎದುರಿನ ಟೀ ಅಂಗಡಿಯಲ್ಲಿ ನಿಂತವನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ: 'ಪಿಚ್ಚರ್ ಓಡ್ತಾ ಇಲ್ಲ ಗುರು, ಓಡಿಸ್ತಾ ಇದ್ದಾರೆ.' ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಥಿಯೇಟರಿನಿಂದ ಹೊರಗೆ ಬರುವವರ ಮಾತಿಗೂ ಅರ್ಥ ತಿಳಿದುಕೊಳ್ಳಿ. 'ಒಂದ್ಸಲ ನೋಡ್ಬೋದು' ಅಂದರೆ ಟಿಕೆಟ್ ದುಡ್ಡು ಹೋಯ್ತು, ಮರ್ಯಾದೆ ಉಳಿಸಿಕೊಳ್ಳುತ್ತಿದ್ದಾನೆ. 'ಹೀರೊ ಫ್ಯಾನ್ಸ್‌ಗೆ ಹಬ್ಬ' ಅಂದರೆ ಉಳಿದವರಿಗೆ ಅಮಾವಾಸ್ಯೆ. 'ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು' ಅಂದರೆ ನಿದ್ದೆ ಬಂತು. 'ತೋಪು' ಅಂದರೆ ತೋಪು, ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ಪತ್ರಿಕೆಯವರು ಇದನ್ನೇ 'ಬಾಕ್ಸಾಫೀಸಿನಲ್ಲಿ ಮಕಾಡೆ ಮಲಗಿತು' ಅಂತ ಬರೆಯುತ್ತಾರೆ. ಎರಡೂವರೆ ಗಂಟೆ ಆಕಾಶಕ್ಕೆ ಹಾರುತ್ತಿದ್ದ ನಾಯಕನನ್ನು ಒಂದೇ ಕ್ರಿಯಾಪದದಲ್ಲಿ ನೆಲಕ್ಕೆ ಮುಖ ಮಾಡಿ ಮಲಗಿಸುವ ಭಾಷೆ ಇದು.

ಬಿರುದುಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಮೊದಲು ಸಂಸ್ಕೃತದ ಕಾಲ: ನಟಸಾರ್ವಭೌಮ, ಸಾಹಸಸಿಂಹ. ಆಮೇಲೆ ಇಂಗ್ಲಿಷಿನ ಕಾಲ: ರೆಬೆಲ್ ಸ್ಟಾರ್, ಕ್ರೇಜಿ ಸ್ಟಾರ್, ರಿಯಲ್ ಸ್ಟಾರ್, ಪವರ್ ಸ್ಟಾರ್, ಗೋಲ್ಡನ್ ಸ್ಟಾರ್, ರಾಕಿಂಗ್ ಸ್ಟಾರ್, ರೋರಿಂಗ್ ಸ್ಟಾರ್. ಈ ಪಟ್ಟಿಯಲ್ಲಿ ಲೆಕ್ಕ ಕೊಡಬಲ್ಲ ಬಿರುದು ಒಂದೇ, ಹ್ಯಾಟ್ರಿಕ್ ಹೀರೊ. ಶಿವರಾಜ್‌ಕುಮಾರ್ 1986ರಲ್ಲಿ ಶುರು ಮಾಡಿದಾಗ ಮೊದಲ ಮೂರೂ ಸಿನಿಮಾ ಗೆದ್ದವು, ಹಾಗಾಗಿ ಬಂತು. ಉಳಿದವಕ್ಕೆ ಪುರಾವೆ ಕೇಳಬೇಡಿ. ಸ್ಟಾರ್ ಅಂದರೆ, ಮುಂದೆ ಒಂದು ಇಂಗ್ಲಿಷ್ ವಿಶೇಷಣ ಇಟ್ಟ ಹೊರತು ಹೊಳೆಯದ ನಕ್ಷತ್ರ.

ಸಂಸ್ಕೃತ ಆಯಿತು, ಇಂಗ್ಲಿಷ್ ಆಯಿತು, ಕನ್ನಡಕ್ಕೆ ಸರದಿ ಬಂತಾ? ಪೋಸ್ಟರಿನಲ್ಲಿ ಬರಲಿಲ್ಲ. ಜನರ ಬಾಯಲ್ಲಿ ಬಂತು. ನಟಸಾರ್ವಭೌಮ ಅಂತ ಮನೆಯಲ್ಲಿ ಯಾರು ಕರೆದರು? ಎಲ್ಲರಿಗೂ ಅಣ್ಣಾವ್ರು. 'ಆಟೋ ರಾಜ' ಬಂದದ್ದು 1980ರಲ್ಲಿ. ಶಂಕರ್ ನಾಗ್ ತೀರಿಹೋದದ್ದು 1990ರಲ್ಲಿ. ಇವತ್ತಿಗೂ ಆಟೋ ಸ್ಟ್ಯಾಂಡುಗಳಲ್ಲಿ ಅವರ ಫೋಟೊ ಇದೆ, ಕರೆಯುವುದು ಶಂಕ್ರಣ್ಣ ಅಂತ. 2001ರ 'ಹುಚ್ಚ' ಚಿತ್ರದ ಪಾತ್ರದ ಹೆಸರು ಸುದೀಪ್‌ಗೆ ಅಂಟಿ ಕಿಚ್ಚ ಆಯಿತು. 2007ರ 'ದುನಿಯಾ'ದಿಂದ ಯೋಗೇಶ್ ಲೂಸ್ ಮಾದ ಆದರು. 'ಟಗರು' ಬಂದ ಮೇಲೆ ಧನಂಜಯ್ ಡಾಲಿ ಆದರು, ಅದೂ ಖಳನ ಪಾತ್ರದಿಂದ. ಪಾತ್ರ ಮಾಡಿ ತೋರಿಸಿದ ಮೇಲೆ ಜನ ಕೊಟ್ಟ ಹೆಸರು ಇವೆಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಬೀದಿಯಲ್ಲಿ ಅತ್ತವರು ಯಾರೂ ಪವರ್ ಸ್ಟಾರ್ ಅಂತ ಅಳಲಿಲ್ಲ. ಅಪ್ಪು ಅಂತಲೇ ಅತ್ತರು.

ಈಗ ಹೊಗಳಿಕೆಗೆ ಬರೋಣ. ಕನ್ನಡದಲ್ಲಿ ಚಿವುಟದೆ ಹೊಗಳುವುದು ಕಷ್ಟ. 'ಎಲ್ಲಿದ್ದೀಯೋ ಪುಣ್ಯಾತ್ಮ' ಅನ್ನುತ್ತೇವೆ. ಪುಣ್ಯ ಮಾಡಿದವನಿಗೆ ಯಾರೂ ಹೀಗೆ ಫೋನ್ ಮಾಡಿದ್ದಿಲ್ಲ. ಧಾರವಾಡದ ಕಡೆ 'ಭಾಳ ಶಾಣ್ಯಾ ಇದ್ದಿ ಬಿಡು' ಅಂದರೆ ಸಂತೋಷಪಡುವ ಮೊದಲು ಹೇಳಿದವರ ಮುಖ ನೋಡಬೇಕು. ಮಂಗಳೂರಿನ 'ಮಾರಾಯ' ಅಂತೂ ಪ್ರೀತಿ, ಸಿಟ್ಟು, ಸುಸ್ತು ಮೂರಕ್ಕೂ ಆಗುತ್ತದೆ. ಬೆಂಗಳೂರಿನ 'ಗುರು' ಯಾರಿಗೂ ಏನೂ ಕಲಿಸಿಲ್ಲ. ಎದುರಿಗೆ ನಿಂತಿರುವುದೇ ಅವನ ಅರ್ಹತೆ.

ಇದಕ್ಕೆಲ್ಲ ಕಿರೀಟ ಇಟ್ಟದ್ದು 'ಹೌದು ಹುಲಿಯಾ'. 2019ರ ಉಪಚುನಾವಣೆಯ ಪ್ರಚಾರದಲ್ಲಿ ಸಿದ್ದರಾಮಯ್ಯ ಭಾಷಣ ಮಾಡುತ್ತಿದ್ದರು. ಜನರ ನಡುವಿನಿಂದ ಒಬ್ಬರು 'ಹೌದು ಹುಲಿಯಾ' ಅಂದರು. ಅಷ್ಟೇ. ವಾರದೊಳಗೆ ರಾಜ್ಯವೆಲ್ಲ ಅದೇ ಮಾತು, ಟೀಶರ್ಟಿನ ಮೇಲೂ ಅದೇ. ಬೆಂಬಲಿಗರು ಮೆಚ್ಚಿ ಹೇಳಿದರು, ವಿರೋಧಿಗಳು ಅಣಕಿಸಿ ಹೇಳಿದರು. ಒಂದಕ್ಷರ ಬದಲಾಗಲಿಲ್ಲ. ನನ್ನ ಕೋಶದಲ್ಲಿ ಇದಕ್ಕೆ ಹೀಗೆ ಬರೆಯುತ್ತೇನೆ. ಹುಲಿಯಾ: ಕೇಳಿದವರು ಎದೆ ಉಬ್ಬಿಸಬೇಕೋ ತಲೆ ತಗ್ಗಿಸಬೇಕೋ ತಿಳಿಯದಂತೆ ಮಾಡುವ ಪ್ರಾಣಿ.

ರಾಜಕೀಯದವರು ಬೀದಿಮಾತನ್ನು ಕದಿಯುವುದರಲ್ಲಿ ಜಾಣರು. 'ಚೊಂಬು ಕೊಟ್ಟ' ಅಂದರೆ ಏನೂ ಕೊಡಲಿಲ್ಲ ಅಂತ ನಾವೆಲ್ಲ ಸುಮ್ನೆ ಆಡಿಕೊಳ್ಳುತ್ತಿದ್ದೆವು. 2024ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ಸಿನವರು ಕೇಂದ್ರದ ಕೊಡುಗೆ ಚೊಂಬು ಅಂತ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಚೊಂಬು ಹಿಡಿದು ಪ್ರತಿಭಟನೆಯನ್ನೂ ಮಾಡಿದರು. ದೇವೇಗೌಡರು ಸುಮ್ಮನಿರುತ್ತಾರಾ? ಆ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆ ಮಾಡಿದರು ಅಂದರು. ಎರಡೂ ಕಡೆ ಪಾತ್ರೆಗಳೇ ಮಾತಾಡಿದವು. ಆದರೆ ಒಂದು ನಷ್ಟ ಆಯಿತು. ಪಕ್ಷದವರು ಎತ್ತಿಕೊಂಡ ಪದವನ್ನು ಆಮೇಲೆ ಹರಟೆಯಲ್ಲಿ ಬಳಸಿದರೆ 'ನೀನು ಯಾವ ಪಾರ್ಟಿ' ಅಂತ ಕೇಳುತ್ತಾರೆ. ಒಂದು ಒಳ್ಳೆಯ ಚೊಂಬು ಹೀಗೆ ಹಾಳಾಯಿತು.

ಕೊನೆಗೆ ಕ್ರಿಕೆಟ್ಟು. ಇದನ್ನು ಬಿಟ್ಟರೆ ನೀವು ನನ್ನನ್ನು ಗೇಟು ದಾಟಲು ಬಿಡಲ್ಲ.

'ಈ ಸಲ ಕಪ್ ನಮ್ದೇ' ಜೋರಾಗಿ ಹಬ್ಬಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಆರ್‌ಸಿಬಿ ಮೂರು ಫೈನಲ್ ಸೋತಿತ್ತು. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ, 2011ರಲ್ಲಿ ಚೆನ್ನೈನಲ್ಲಿ, 2016ರಲ್ಲಿ ನಮ್ಮದೇ ಚಿನ್ನಸ್ವಾಮಿಯಲ್ಲಿ. ಹಾಗಾಗಿ ಈ ಘೋಷಣೆ ಹುಟ್ಟುವಾಗಲೇ ಅರ್ಧ ಹಠ, ಅರ್ಧ ತಮಾಷೆ. ನನಗೆ ಗೊತ್ತಿರುವ ಹಾಗೆ ಹವಾ ತುಂಬುವ ಕೆಲಸವನ್ನೂ ಇಳಿಸುವ ಕೆಲಸವನ್ನೂ ಒಂದೇ ಉಸಿರಿನಲ್ಲಿ ಮಾಡಿದ ಮಾತು ಇದೊಂದೇ. ಪ್ರತಿ ಮಾರ್ಚಿನಲ್ಲಿ ಎದೆ ತಟ್ಟಿ ಹೇಳುತ್ತಿದ್ದೆವು, ಮೇ ತಿಂಗಳಲ್ಲಿ ನಮ್ಮ ಮೇಲೆ ನಾವೇ ನಗಲು ಅದನ್ನೇ ಬಳಸುತ್ತಿದ್ದೆವು. ಸಪ್ಲಿಮೆಂಟರಿ ಕಟ್ಟಿದ ಹುಡುಗನೂ 'ಈ ಸಲ ಪಾಸು ನಮ್ದೇ' ಅನ್ನುತ್ತಿದ್ದ.

ಕಪ್ ಮೊದಲು ತಂದದ್ದು ಹೆಣ್ಣುಮಕ್ಕಳು, 2024ರ ಮಾರ್ಚಿನಲ್ಲಿ. ಗೆದ್ದ ಮೇಲೆ ಸ್ಮೃತಿ ಮಂಧಾನ ಘೋಷಣೆಯನ್ನು 'ಈ ಸಲ ಕಪ್ ನಮ್ದು' ಅಂತ ತಿದ್ದಿದರು. ಕನ್ನಡದವರಲ್ಲದ ಆಕೆ ವ್ಯಾಕರಣದ ಸೂಕ್ಷ್ಮವನ್ನೇ ಹಿಡಿದಿದ್ದರು. ಕಪ್ ಕೈಯಲ್ಲಿ ಇಲ್ಲದಾಗ ಆ ಒತ್ತುವ 'ಏ' ಬೇಕು. ಕೈಗೆ ಬಂದ ಮೇಲೆ ಯಾಕೆ? ಗಂಡಸರು 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗೆದ್ದರು. 6 ರನ್ನಿನಿಂದ. 2009ರಲ್ಲಿ ಸೋತದ್ದೂ 6 ರನ್ನಿನಿಂದಲೇ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ಸತ್ತರು. ಸಂಭ್ರಮಕ್ಕೆ ಅಂತ ಮನೆಯಿಂದ ಹೊರಟವರು. ಅದಾದ ಮೇಲೆ ಆ ಘೋಷಣೆಯನ್ನು ಮೊದಲಿನ ಹಾಗೆ ನಗುತ್ತಾ ಹೇಳಲು ನನಗಂತೂ ಆಗಿಲ್ಲ. ಅದಕ್ಕೆ ಅರ್ಥ ಬರೆಯುವ ಕೆಲಸವನ್ನೂ ಬಿಟ್ಟಿದ್ದೇನೆ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೋತ್ತರದಲ್ಲಿ ನಡೆದದ್ದನ್ನೂ ಬರೆಯುತ್ತೇನೆ, ಯಾಕೆಂದರೆ ಅದು ನನ್ನ ಭಾಷಣಕ್ಕಿಂತ ಚೆನ್ನಾಗಿತ್ತು.

ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು, 'ಮೇಡಂ, ನೀವು ಹೇಳಿದ ಹವಾಗೆ ಈಗ ನಾವು ಔರಾ ಅಂತೀವಿ' ಅಂದಳು. ಔರಾಗೆ ಪಾಯಿಂಟ್ಸ್ ಇರುತ್ತವಂತೆ. ಏನಾದರೂ ಗತ್ತಿನ ಕೆಲಸ ಮಾಡಿದರೆ ಪ್ಲಸ್ ಸಾವಿರ, ಮೆಟ್ಟಿಲಲ್ಲಿ ಎಡವಿದರೆ ಮೈನಸ್ ಐನೂರು. ಬೇಕಂತಲೇ ಸ್ಲೋ ಮೋಷನ್ನಿನಲ್ಲಿ ನಡೆದು ಪಾಯಿಂಟ್ಸ್ ಗಳಿಸುವುದಕ್ಕೆ ಔರಾ ಫಾರ್ಮಿಂಗ್ ಅನ್ನುತ್ತಾರಂತೆ. ನಾನು, 'ಅದಕ್ಕೆ ನಮ್ಮಲ್ಲಿ ಬಿಲ್ಡಪ್ ಅಂತಾರಲ್ಲಮ್ಮ' ಅಂದೆ. 'ಇಲ್ಲ ಮೇಡಂ, ಬಿಲ್ಡಪ್‌ಗೆ ಲೆಕ್ಕ ಇಡಲ್ಲ, ಇದಕ್ಕೆ ಇಡ್ತೀವಿ' ಅಂದಳು. ಅವಳು ಹೇಳಿದ್ದು ಸರಿ. ನಮ್ಮ ಕಾಲದಲ್ಲಿ ಹವಾ ಇಳಿಯುತ್ತಿತ್ತು ಅಷ್ಟೇ, ಎಷ್ಟು ಇಳಿಯಿತು ಅಂತ ಯಾರೂ ಬರೆದಿಡುತ್ತಿರಲಿಲ್ಲ.

ನನಗೆ ಕುತೂಹಲ ಆಯಿತು. 'ಹಾಗಾದರೆ ಇವತ್ತು ನನ್ನದೆಷ್ಟು?' ಅಂತ ಕೇಳಿದೆ. ಇಡೀ ಸಾಲು ತಲೆಗೆ ತಲೆ ಕೂಡಿಸಿ ಲೆಕ್ಕ ಹಾಕಿತು. ಪ್ಯಾನ್ ಇಂಡಿಯಾ ಧೂಳಿಗೆ ಪ್ಲಸ್ ಮುನ್ನೂರು. ಕೊನೆಯ ಸಾಲಿನವರ ಡವ್ ಹಿಡಿದದ್ದಕ್ಕೆ ಪ್ಲಸ್ ಐನೂರು. ಆದರೆ ಟಿಕ್‌ಟಾಕ್ ಅನ್ನುವಾಗ ಬೆರಳಿನಲ್ಲಿ ಸ್ಕ್ರೋಲ್ ಮಾಡಿ ತೋರಿಸಿದೆನಂತೆ, ಅದೂ ಅಡ್ಡಡ್ಡ. ಅದಕ್ಕೆ ಮೈನಸ್ ಎರಡು ಸಾವಿರ.